ಪುಟ್ಟತಾಯಮ್ಮನ ಪಥ್ಯದ ಅಡುಗೆ

ಪುಟ್ಟತಾಯಮ್ಮ ಹುಟ್ಟಿದ್ದು ಎಚ್.ಡಿ. ಕೋಟೆಯಿಂದಾಚೆ, ಎನ್. ಬೇಗೂರಿನ ಸೀಮೆಯಲ್ಲಿ. ಕಾಡಂಚಿನ ಬೆದ್ದಲು ಭೂಮಿ. ಅವಳು ಹುಡುಗಿಯಾಗಿದ್ದಾಗ ಅಲ್ಲಿನವರು ಬೆಳೆಯುತ್ತಿದ್ದದ್ದು ರಾಗಿ, ಹುರುಳಿ, ಅವರೆ, ಒಂದಿಷ್ಟು ಸಾಮೆ. ಆನೆ ತಿಂದು ಬಿಟ್ಟದ್ದು ಮನೆಗೆ ಬರುತ್ತಿತ್ತು. ಒಲೆಯ ಮೇಲೆ ಅಕ್ಕಿ ಬೇಯುತ್ತಿದ್ದದ್ದು ಹಬ್ಬಕ್ಕೆ, ಇಲ್ಲವೆ ಯಾರಾದರೂ ಜ್ವರ ಬಂದು ಮಲಗಿದಾಗ. ಅಂಥವಳನ್ನು ಕೊಟ್ಟದ್ದು ಕೆ.ಆರ್. ನಗರದ ಕಡೆಯ ನಾಲೆ ಬಯಲಿಗೆ, ನಟರಾಜು ಎಂಬುವನಿಗೆ. ಮದುವೆಯ ದಿನ ಊರಿನ ಹೆಂಗಸರು ಅವಳ ಗಲ್ಲ ಮುಟ್ಟಿ ಹೇಳಿದರು: "ಅನ್ನದ ಸೀಮೆ ಸೇರ್ತಾ ಇದ್ದೀಯ ಕಣವ್ವ, ಪುಣ್ಯವಂತೆ."

ನಟರಾಜುವಿನದು ಲಿಂಗ ಕಟ್ಟುವ ಮನೆ. ಮಾಂಸ ಮುಟ್ಟುವವರಲ್ಲ. ಆದರೆ ಅನ್ನ ಮಾತ್ರ ಮೂರು ಹೊತ್ತೂ ಬೇಕು. ಬೆಳಿಗ್ಗೆ ಚಿತ್ರಾನ್ನವೋ ಅಕ್ಕಿ ರೊಟ್ಟಿಯೋ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಮಿಲ್ಲಿನಲ್ಲಿ ಎರಡು ಸಲ ಪಾಲಿಷ್ ಹಾಕಿಸಿದ, ಮಲ್ಲಿಗೆಯಂಥ ಅಕ್ಕಿ. ಅತ್ತೆ ಮರಿದೇವಮ್ಮ ಕೆಟ್ಟವಳಲ್ಲ. ಸೊಸೆಯನ್ನು ಒಂದು ದಿನವೂ ಬೈದವಳಲ್ಲ. ಹೊಸದರಲ್ಲಿ ಒಮ್ಮೆ ಪುಟ್ಟತಾಯಮ್ಮ ತವರಿನಿಂದ ತಂದಿದ್ದ ರಾಗಿ ಹಿಟ್ಟಿನಲ್ಲಿ ತನಗೆಂದು ಒಂದು ಮುದ್ದೆ ತೊಳಸಿಕೊಂಡಾಗ ಮಾತ್ರ, ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು: "ಇದ ನಾವು ಆಳ್ಗಳಿಗೆ ಇಕ್ಕದು ಕಣವ್ವ. ನೋಡ್ದೋರು ನಾವು ನಿನ್ಗೆ ಅನ್ನ ಇಕ್ಕಾಕಿಲ್ಲ ಅಂದ್ಕೊಂಡಾರು."

ಪುಟ್ಟತಾಯಮ್ಮ ಎದುರಾಡಲಿಲ್ಲ. ಅನ್ನದ ಮನೆಯ ಅಡುಗೆ ಕಲಿತಳು, ಚೆನ್ನಾಗಿಯೇ ಕಲಿತಳು. ಮಧುಶ್ರೀ ಹುಟ್ಟಿದಳು, ತೇಜಸ್ ಹುಟ್ಟಿದ. ಮಧುಶ್ರೀಯನ್ನು ಪಿರಿಯಾಪಟ್ಟಣದ ಕಡೆ ಕಂಪಲಾಪುರಕ್ಕೆ ಕೊಟ್ಟರು. ತೇಜಸ್ ಅಪ್ಪನ ಜೊತೆ ಗದ್ದೆಗೆ ನಿಂತ. ಇಷ್ಟೂ ವರ್ಷ ಆ ಮನೆಯಲ್ಲಿ ಅವಳ ಕೈಯಡುಗೆಯನ್ನು ಯಾರೂ ತೆಗಳಲಿಲ್ಲ, ಯಾರೂ ಹೊಗಳಲೂ ಇಲ್ಲ. ಅನ್ನ ಅನ್ನದ ಹಾಗಿತ್ತು, ಸಾರು ಸಾರಿನ ಹಾಗಿತ್ತು.

ಆಮೇಲೆ ನಟರಾಜು ಇಳಿದುಹೋಗತೊಡಗಿದ. ದೊಡ್ಡ ಆಳು, ಭತ್ತದ ಮೂಟೆಯನ್ನು ಒಬ್ಬನೇ ಬೆನ್ನಿಗೆಳೆದುಕೊಳ್ಳುತ್ತಿದ್ದವನು. ಅಂಗಿ ತೋಳಿನಲ್ಲಿ ಜೋತಾಡತೊಡಗಿತು. ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತಿತ್ತು. ಕೆ.ಆರ್. ನಗರದ ಆಸ್ಪತ್ರೆಯಲ್ಲಿ ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು. ಡಾಕ್ಟರು ವಯಸ್ಸಾದವರು, ಅವಸರ ಮಾಡದೆ ಮಾತಾಡುವವರು. ಮಾತ್ರೆ ಬರೆದುಕೊಟ್ಟು, ಪುಟ್ಟತಾಯಮ್ಮನ ಕಡೆ ತಿರುಗಿ ಹೇಳಿದರು: "ಮಾತ್ರೆ ಯಾವತ್ತೂ ತಪ್ಪಿಸೋ ಹಾಗಿಲ್ಲ. ಅದರ ಜೊತೆ ಊಟ ನಿಮ್ಮ ಕೈಲಿದೆ ತಾಯಿ. ಬಿಳಿ ಅನ್ನ ಕಡಿಮೆ ಮಾಡಿ. ರಾಗಿ, ನವಣೆ, ಸಾಮೆ, ಕಾಳು, ಸೊಪ್ಪು. ಇಂಥದ್ದು ಮಾಡಾಕೆ ಬರುತ್ತಾ ನಿಮಗೆ?"

ಬರುತ್ತಾ ಎಂದು ಕೇಳಿದಾಗ ಅವಳಿಗೆ ಎದೆಯಲ್ಲಿ ಏನೋ ಅರಳಿದ ಹಾಗಾಯಿತು. ಗಂಡನಿಗೆ ಕಾಯಿಲೆ ಎಂದು ಆಗಷ್ಟೇ ಕೇಳಿದ್ದಳು, ಭಯವೂ ಇತ್ತು. ಭಯದ ಪಕ್ಕದಲ್ಲೇ ಈ ಸಂತೋಷವೂ ಬಂದು ಕೂತಿತು. ಅದನ್ನು ನೆನೆದರೆ ಅವಳಿಗೆ ಇವತ್ತಿಗೂ ಮೈ ಮುದುಡುತ್ತದೆ.

ಮಾರನೆಯ ದಿನದಿಂದಲೇ ಆ ಮನೆಯ ಅಡುಗೆ ಬದಲಾಯಿತು. ಹುಣಸೂರಿನ ಸಂತೆಯಿಂದ ರಾಗಿ ಬಂತು, ನವಣೆ ಬಂತು, ಸಾಮೆ ಬಂತು. ರಾಗಿಯನ್ನು ಅವಳೇ ಕೇರಿ, ತೊಳೆದು, ನೆರಳಲ್ಲಿ ಒಣಗಿಸಿ ಮಿಲ್ಲಿಗೆ ಕಳಿಸುತ್ತಿದ್ದಳು. ಹಿಟ್ಟನ್ನು ಜರಡಿ ಹಿಡಿಯುತ್ತಿರಲಿಲ್ಲ. ಹೊಟ್ಟು ಹೋದರೆ ರಾಗಿಯಲ್ಲಿ ಇನ್ನೇನು ಉಳಿಯಿತು ಎನ್ನುತ್ತಿದ್ದಳು. ನವಣೆಯನ್ನು ಬೆಳಿಗ್ಗೆಯೇ ನೆನೆಹಾಕಿ, ಮಧ್ಯಾಹ್ನ ಸಣ್ಣ ಉರಿಯಲ್ಲಿ ಬೇಯಿಸಿ, ಮುಚ್ಚಿದ ಪಾತ್ರೆಯನ್ನು ಒಲೆಯಿಂದಿಳಿಸಿ ಸ್ವಲ್ಪ ಹೊತ್ತು ಹಾಗೇ ಬಿಡುತ್ತಿದ್ದಳು. ತೆಗೆದಾಗ ಕಾಳು ಕಾಳಾಗಿ ಬಿಡಿಸಿಕೊಂಡಿರುತ್ತಿತ್ತು. ಹುರುಳಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಬಸ್ಸಾರು. ಗದ್ದೆ ಬದುವಿನ ಹೊನಗೊನೆ, ಹಿತ್ತಿಲ ನುಗ್ಗೆ, ದಂಟು, ಯಾವುದು ಸಿಕ್ಕರೆ ಆ ಸೊಪ್ಪಿನ ಪಲ್ಯ. ತೆಂಗಿನಕಾಯಿ ಕಡಿಮೆ, ಎಣ್ಣೆ ಕಡಿಮೆ. ಬೆಳ್ಳುಳ್ಳಿ, ಜೀರಿಗೆ, ಹುಣಸೆಹುಳಿಯಲ್ಲೇ ರುಚಿ ಕೂರಿಸುತ್ತಿದ್ದಳು.

ನಟರಾಜು ಮೊದಲು ಮುಖ ಕಿವುಚಿದ. "ಗುಬ್ಬಿಗೆ ಆಕೋದ ನನ್ಗೆ ಆಕ್ತಾ ಇದ್ದೀಯ" ಎಂದು ನವಣೆ ತಟ್ಟೆಯನ್ನು ದೂಡಿದ. ಅವಳು ಅದಕ್ಕೆ ಒಂದು ಸೌಟು ಬಸ್ಸಾರು ಬಿಟ್ಟು ಮತ್ತೆ ಅವನ ಮುಂದಕ್ಕೆ ಸರಿಸಿದಳು. ಹಸಿದಿದ್ದ, ಉಂಡ. ಕೆಲವು ವಾರ ಕಳೆಯುವಷ್ಟರಲ್ಲಿ, ಗದ್ದೆಯಿಂದ ಬಂದವನು ಕೈಕಾಲು ತೊಳೆಯುವ ಮೊದಲೇ "ಇವತ್ತೇನು ಕಾಳು?" ಎಂದು ಕೇಳುವಂತಾದ. ಮರಿದೇವಮ್ಮ ಮಾತ್ರ ಬದಲಾಗಲಿಲ್ಲ. "ನನ್ಗೆ ಹಲ್ಲಿಲ್ಲ, ನನ್ಗೆ ಅನ್ನವೇ ಇರ್ಲಿ" ಎಂದಳು. ಆಕೆಗೆ ಸಕ್ಕರೆಯೂ ಇರಲಿಲ್ಲ, ಬೀಪಿಯೂ ಇರಲಿಲ್ಲ. ಒಂದು ಸಣ್ಣ ಪಾತ್ರೆಯಲ್ಲಿ ಆಕೆಗೆಂದು ಬಿಳಿ ಅನ್ನ ಬೇಯುತ್ತಲೇ ಇತ್ತು.

ಮುಂದಿನ ಸಲ ರಕ್ತ ನೋಡಿದಾಗ ಸಕ್ಕರೆ ಚೆನ್ನಾಗಿ ಇಳಿದಿತ್ತು. ಅದರ ಮುಂದಿನ ಸಲ ಇನ್ನೂ ಇಳಿದಿತ್ತು. ನಟರಾಜುವಿನ ಮುಖಕ್ಕೆ ಕಳೆ ಬಂತು. ಅವನು ಸುಮ್ಮನಿರುವ ಜನವಲ್ಲ, ಡೇರಿಯಲ್ಲಿ, ಮಿಲ್ಲಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ: "ನಮ್ಮನೆಯವಳ ಕೈಗುಣ ಕಣ್ರಪ್ಪ. ಡಾಕ್ಟ್ರು ಮಾಡ್ದೆ ಇದ್ದದ್ದ ಅವಳು ಮಾಡವಳೆ." ಜನ ಬರತೊಡಗಿದರು. ಮೊದಲು ಬೀದಿಯ ಹೆಂಗಸರು, ಆಮೇಲೆ ಪಕ್ಕದ ಊರಿನವರು. ಪುಟ್ಟತಾಯಮ್ಮನ ಅಡುಗೆಮನೆ ಬಾಗಿಲಲ್ಲಿ ಕೂತು ನೋಡಿ ಕಲಿಯುತ್ತಿದ್ದರು. ಕುದಿಯುವ ನೀರಿಗೆ ಹಿಟ್ಟನ್ನು ಹೇಗೆ ಗುಡ್ಡೆ ಹಾಕಬೇಕು, ಕೋಲನ್ನು ಯಾವಾಗ ಆಡಿಸಬೇಕು, ನೀರು ಮುಟ್ಟಿದ ಕೈಯಲ್ಲಿ ಹೇಗೆ ಉಂಡೆ ತಿರುವಬೇಕು. ಆ ಮನೆಗೆ ಬಂದು ಅಷ್ಟು ವರ್ಷವಾದ ಮೇಲೆ, ಅವಳು ಮಾಡುವುದನ್ನು ನೋಡಲೆಂದೇ ಜನ ಬಂದು ಕೂತದ್ದು ಅದೇ ಮೊದಲು.

ಮಾತ್ರೆ ನಿಂತದ್ದು ಯಾವಾಗ ಎಂದು ಅವಳಿಗೆ ನೆನಪಿಲ್ಲ. ಕಿಟಕಿಯ ಗೂಡಿನಲ್ಲಿ ಅದು ಹಾಗೇ ಇರುವುದನ್ನು ಒಂದು ಬೆಳಿಗ್ಗೆ ನೋಡಿದಳು.

"ಏನೂಂದ್ರೆ, ಮಾತ್ರೆ ತಗಂಡಿಲ್ವಾ?"

"ಇನ್ಯಾಕೆ ಅದು? ಒಟ್ಟೆಗೆ ಬೀಳೋದೇ ಮದ್ದಾಗದೆ. ನಿನ್ ಅಡ್ಗೆ ಮುಂದೆ ಆ ಮಾತ್ರೆ ಏನ್ ಲೆಕ್ಕ ಬುಡು."

ಡಾಕ್ಟರು ಯಾವತ್ತೂ ತಪ್ಪಿಸಬಾರದು ಎಂದದ್ದು ಅವಳಿಗೆ ನೆನಪಿತ್ತು. ಹೇಳಲು ಬಾಯಿ ತೆರೆದಳು ಕೂಡ. ಆದರೆ ಅವನು ಆಗಲೇ ಟವೆಲ್ ಹೆಗಲಿಗೆ ಹಾಕಿಕೊಂಡು ನಗುತ್ತ ಹೊರಟಿದ್ದ. ಮದುವೆಯಾದಾಗಿನಿಂದ ಅವನು ಅವಳಿಗೆ ಅಂಥ ಮಾತು ಹೇಳಿರಲಿಲ್ಲ. ಅವಳು ಮಾತ್ರೆಯನ್ನು ತೆಗೆದು ಒಳಗಿಟ್ಟಳು.

ಊರಿನ ಆಶಾ ಕಾರ್ಯಕರ್ತೆ ರೂಪಶ್ರೀ ಆಗಾಗ ಮನೆ ಮನೆಗೆ ಬಂದು ವಿಚಾರಿಸುವವಳು. ಅವಳು ಬಂದ ದಿನ ಅಡುಗೆಮನೆಯ ಬಾಗಿಲಲ್ಲಿ ನಾಲ್ಕಾರು ಹೆಂಗಸರು ಸಾಮೆ ಪೊಂಗಲ್ ಕಲಿಯುತ್ತ ಕೂತಿದ್ದರು.

"ಅಕ್ಕ, ಅಣ್ಣ ಟೆಸ್ಟಿಗೆ ಬಂದು ಬಾಳಾ ದಿನ ಆಯ್ತಲ್ಲ. ಮಾತ್ರೆ ಸರ್ಯಾಗಿ ತಗೋತಾವ್ರಾ?"

ಹೆಂಗಸರೆಲ್ಲ ಪುಟ್ಟತಾಯಮ್ಮನ ಮುಖ ನೋಡಿದರು.

"ತಗೋತಾರೆ ಕಣವ್ವ" ಎಂದಳು.

ಇಲ್ಲ ಎಂದಿದ್ದರೆ ರೂಪಶ್ರೀ ಅವತ್ತೇ ನಟರಾಜುವನ್ನು ಎಳೆದುಕೊಂಡು ಹೋಗುತ್ತಿದ್ದಳು. ಸಕ್ಕರೆ ಏರಿದೆ ಎಂದು ಹೊರಗೆ ಬಿದ್ದರೆ, ಇಷ್ಟು ಜನರ ಮುಂದೆ ತನ್ನ ಅಡುಗೆಯ ಗತಿಯೇನು? ಅವತ್ತು ಇಷ್ಟೆಲ್ಲ ಯೋಚಿಸಿ ಸುಳ್ಳು ಹೇಳಿದಳೆಂದಲ್ಲ. ಮಾತು ಬಾಯಿಂದ ಬಂದುಹೋಯಿತು. ಯೋಚನೆ ಆಮೇಲೆ ಬಂತು. ಬಂದದ್ದು ಇನ್ನೂ ಹೋಗಿಲ್ಲ.

ಮಳೆಗಾಲದ ನಾಟಿ ಸಮಯ. ನಾಲೆ ಏರಿಯ ಮೇಲೆ ಕೂತು ಕುಡಿದವರು ಯಾರೋ ಬಾಟಲಿಯನ್ನು ಗದ್ದೆಗೆ ಎಸೆದಿದ್ದರು. ನಟರಾಜು ಕೆಸರಿನಲ್ಲಿ ಅದರ ಗಾಜಿನ ಚೂರು ತುಳಿದ. ತುಳಿದದ್ದೇ ಗೊತ್ತಾಗಲಿಲ್ಲ. ಮನೆಗೆ ಬಂದು ಜಗಲಿ ಹತ್ತಿದಾಗ ತೇಜಸ್, "ಅಪ್ಪ, ನಿನ್ ಕಾಲಿಂದ ರಕ್ತ ಬತ್ತಾ ಅದೆ" ಎಂದ. ನಟರಾಜು ಪಾದ ಎತ್ತಿ ನೋಡಿಕೊಂಡು ನಕ್ಕ. "ನೋವೇ ಇಲ್ಲ ಕಣ್ಲಾ." ಪುಟ್ಟತಾಯಮ್ಮ ತೊಳೆದು ಅರಿಶಿನ ಮೆತ್ತಿದಳು. ನೋವಿಲ್ಲದ್ದು ಒಳ್ಳೆಯದೆಂದೇ ಇಬ್ಬರೂ ತಿಳಿದರು.

ಗಾಯ ಮಾಯಲಿಲ್ಲ. ಪಾದ ಊದಿತು. ಬೆರಳು ಕಪ್ಪಾಗುತ್ತ ಬಂದಾಗ ಕೊಳೆತ ವಾಸನೆ ಹೊರಟಿತು. ಅವಳು ಅವನಿಗೆ ಮೊಳಕೆ ಕಾಳು ಹೆಚ್ಚು ಹಾಕಿದಳು, ನುಗ್ಗೆಸೊಪ್ಪು ಹೆಚ್ಚು ಹಾಕಿದಳು, ರಕ್ತ ಶುದ್ಧಿಯಾಗಲೆಂದು. ಅಷ್ಟರಲ್ಲಿ ಕಂಪಲಾಪುರದಿಂದ ಬಂದ ಮಧುಶ್ರೀ ಅಪ್ಪನ ಕಾಲನ್ನು ನೋಡಿ, ತೇಜಸ್‌ನನ್ನು ಕರೆದು ಕಾರು ಗೊತ್ತುಮಾಡಿಸಿದಳು. ಅವತ್ತೇ ಮೈಸೂರಿನ ಆಸ್ಪತ್ರೆಗೆ ಸೇರಿಸಿದರು.

ಅಲ್ಲಿನ ಡಾಕ್ಟರು ಹುಡುಗಿ, ಮಧುಶ್ರೀಯ ವಯಸ್ಸಿನವಳು. "ಮಾತ್ರೆ ಬಿಟ್ಟು ಎಷ್ಟು ದಿನ ಆಯ್ತು?" ಎಂದು ಕೇಳಿದಳು. ನಟರಾಜು ಹೆಂಡತಿಯ ಕಡೆ ನೋಡಿದ. ಪುಟ್ಟತಾಯಮ್ಮ ನೆಲ ನೋಡಿದಳು.

"ಬಾಳಾ ದಿನ ಆಯ್ತು ಕಣವ್ವ" ಎಂದ ನಟರಾಜು. "ಪಥ್ಯ ಮಾತ್ರ ಒಂದ್ ದಿನವೂ ಬುಟ್ಟಿಲ್ಲ. ನಮ್ಮನೆಯವಳು ರಾಗಿ, ನವಣೆ ಬುಟ್ಟು ಬ್ಯಾರೆ ಇಕ್ಕೇ ಇಲ್ಲ."

ಆ ಹುಡುಗಿ ಬೈಯಲಿಲ್ಲ. "ಊಟ ಒಳ್ಳೇದೇ ಮಾಡಿದೀರಿ ಅಮ್ಮ" ಎಂದಳು. "ಅದರ ಜೊತೆ ಮಾತ್ರೆಯೂ ಇದ್ದಿದ್ದರೆ ಕಾಲು ಉಳೀತಿತ್ತೇನೋ." ಬೈದಿದ್ದರೆ ಚೆನ್ನಾಗಿತ್ತು ಎಂದು ಪುಟ್ಟತಾಯಮ್ಮನಿಗೆ ಆಮೇಲೆ ಎಷ್ಟೋ ಸಲ ಅನಿಸಿದೆ.

ಮೊಣಕಾಲಿನ ಕೆಳಗೆ ಕಾಲು ತೆಗೆದರು. ಕಾಲು ಹೋದ ಮೇಲೂ ನಂಜು ನಿಲ್ಲಲಿಲ್ಲ. ಕಿಡ್ನಿಗೂ ಪೆಟ್ಟಾಗಿದೆ ಎಂದರು. ನಟರಾಜು ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡಿದ. ಏನು ಕೊಟ್ಟರೂ ಎರಡು ತುತ್ತಿಗಿಂತ ಹೆಚ್ಚು ಇಳಿಯುತ್ತಿರಲಿಲ್ಲ. ಪುಟ್ಟತಾಯಮ್ಮ ಆಸ್ಪತ್ರೆಯ ಹತ್ತಿರವೇ ಇದ್ದ ನಾದಿನಿಯ ಮನೆಯಲ್ಲಿ ಉಳಿದುಕೊಂಡು, ಅಲ್ಲೇ ಅಡುಗೆ ಮಾಡಿ ತರುತ್ತಿದ್ದಳು. ನವಣೆ ಗಂಜಿ, ಹೆಸರುಬೇಳೆ ಕಟ್ಟು, ಮೆತ್ತಗೆ ಬೇಯಿಸಿದ ದಂಟಿನ ಸೊಪ್ಪು.

ಒಂದು ಮಧ್ಯಾಹ್ನ ಪಕ್ಕದ ಮಂಚದವರಿಗೆ ಮನೆಯಿಂದ ಊಟ ಬಂದಿತ್ತು. ಬಿಳಿ ಅನ್ನಕ್ಕೆ ತಿಳಿಸಾರು ಕಲಸಿ ಆ ಮುದುಕನಿಗೆ ಮಗಳು ತಿನ್ನಿಸುತ್ತಿದ್ದಳು. ನಟರಾಜು ಅದನ್ನೇ ನೋಡುತ್ತಿದ್ದ.

"ತಾಯಮ್ಮ" ಎಂದ. "ಒಂಚೂರು ಅನ್ನ ಮಾಡ್ಕಂಡು ಬತ್ತೀಯಾ? ಬಿಳೀದು. ಮೊಸರಲ್ಲಿ ಕಲ್ಸಿ."

"ಬ್ಯಾಡ ಕಣ್ರೀ, ಸಕ್ಕರೆ ಏರ್ತದೆ. ಮನೆಗೆ ಓಗವ, ಆಮೇಲೆ ಡಾಕ್ಟ್ರ ಕೇಳಿ ಕೊಡ್ತೀನಿ."

"ಒಂದ್ ತುತ್ತು ಕಣೇ."

"ಇದ ತಿನ್ನಿ ಈಗ" ಎಂದು ಗಂಜಿಯ ಲೋಟವನ್ನು ಬಾಯಿಗೆ ಹಿಡಿದಳು. ಅವನು ಮುಖ ಆಚೆಗೆ ತಿರುಗಿಸಿದ. ಕೋಪವಿರಲಿಲ್ಲ, ಹಾಗೇ ತಿರುಗಿದ. ಆಮೇಲೆ ಅವನು ಏನನ್ನೂ ಕೇಳಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಅವಳು ಗಂಜಿ ಕಾಯಿಸುತ್ತಿದ್ದಾಗ ಆಸ್ಪತ್ರೆಯಿಂದ ತೇಜಸ್ ಫೋನು ಮಾಡಿದ.

ಹಣೆಗೆ ವಿಭೂತಿ ಹಚ್ಚಿ, ಅವರದೇ ತೋಟದ ಮೂಲೆಯಲ್ಲಿ ಕೂರಿಸಿ ಮಣ್ಣು ಮಾಡಿದರು.

ತಿಥಿ ಮುಗಿದ ಮೇಲೆ ಒಂದು ಸಂಜೆ ತೇಜಸ್ ಅಡುಗೆಮನೆಗೆ ಬಂದು ನಿಂತ. ಅವನು ಅಪ್ಪನ ಹಾಗೆ ಮಾತುಗಾರನಲ್ಲ.

"ರೂಪಶ್ರೀ ಅಕ್ಕ ಸಿಕ್ಕಿದ್ರು. ನೀನು ಅವ್ರಿಗೆ ಮಾತ್ರೆ ತಗೋತಾರೆ ಅಂದಿದ್ದಂತೆ."

ಅವಳು ತಲೆಯಾಡಿಸಿದಳು.

"ಗೊತ್ತಿದ್ದೂ ಯಾಕವ್ವ ಅಂಗಂದೆ?"

ಅವಳಿಗೆ ಉತ್ತರ ಗೊತ್ತಿತ್ತು. ಅದನ್ನು ಮಗನ ಮುಂದೆ ಹೇಳಲಾರದೆ ಒಲೆಯ ಉರಿ ಸರಿಮಾಡತೊಡಗಿದಳು. ತೇಜಸ್ ಹೊರಗೆ ಹೋದ. ಅವತ್ತಿನಿಂದ ಅವನು ಅವಳ ಎದುರು ಕೂತು ಉಣ್ಣುವುದನ್ನು ಬಿಟ್ಟ. ತಟ್ಟೆಗೆ ತಾನೇ ಹಾಕಿಕೊಂಡು ಜಗಲಿಗೆ ಹೋಗುತ್ತಾನೆ. ಎರಡು ತಿಂಗಳಾದ ಮೇಲೆ "ನನ್ಗೆ ಅನ್ನವೇ ಸಾಕು" ಎಂದ. ಮಧುಶ್ರೀ ಫೋನಿನಲ್ಲಿ ಚೆನ್ನಾಗಿ ಮಾತಾಡುತ್ತಾಳೆ. ಅಪ್ಪನ ಮಾತು ಬಂದರೆ "ಇಡ್ಲಾ ಅಮ್ಮ, ಮಗು ಅಳ್ತಾ ಅದೆ" ಎನ್ನುತ್ತಾಳೆ. ಮರಿದೇವಮ್ಮ ಸೊಸೆಯನ್ನು ಈಗಲೂ ಬೈಯುವುದಿಲ್ಲ. ಮಗ ಸತ್ತ ಮೇಲೆ ಆಕೆಯ ಊಟವೂ ತಗ್ಗಲಿಲ್ಲ. ಮೂರು ಹೊತ್ತೂ ಬಿಳಿ ಅನ್ನ ಉಂಡು, ಗೋಡೆಗೆ ಒರಗಿ ಕೂತು, "ನನ್ನ ಯಾಕಪ್ಪ ಇಟ್ಟಿದ್ದೀಯ ಶಿವನೇ" ಎಂದು ಮೆಲ್ಲಗೆ ಕೇಳುತ್ತಾಳೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಪುಟ್ಟತಾಯಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಹಿತ್ತಿಲಿಗೆ ಹೋಗಿಬಿಡುತ್ತಾಳೆ.

ಜನ ಬರುವುದು ನಿಲ್ಲುತ್ತದೆ ಎಂದುಕೊಂಡಿದ್ದಳು. ನಿಲ್ಲಲಿಲ್ಲ. ನಟರಾಜು ಸತ್ತದ್ದು ಗಾಜು ಹೊಕ್ಕು ನಂಜೇರಿ ಎಂದು ಊರು ತೀರ್ಮಾನ ಮಾಡಿತ್ತು. ಅಡುಗೆಯ ಹೆಸರು ಹಾಗೇ ಉಳಿದಿತ್ತು. ಬಿಳಿಕೆರೆಯಿಂದ ಗೌರೀಶ್ ಎಂಬುವನು ಹೆಂಡತಿಯನ್ನು ಕರೆದುಕೊಂಡು ಬೈಕಿನಲ್ಲಿ ಬಂದ. ಹೆದ್ದಾರಿ ಪಕ್ಕ ಟೈರ್ ಅಂಗಡಿ ಇಟ್ಟವನು, ನಲವತ್ತು ದಾಟಿರಲಿಲ್ಲ. ಅವನ ಹೆಂಡತಿ ವನಿತಾ, ನಟರಾಜು ಬದುಕಿದ್ದಾಗ ಒಮ್ಮೆ ಬಂದು ಕಲಿತುಕೊಂಡು ಹೋಗಿದ್ದಳು. ಈಗ ಕೃತಜ್ಞತೆ ಹೇಳಲು ಬಂದಿದ್ದರು, ಒಂದು ಗೊನೆ ಬಾಳೆಹಣ್ಣು ತಂದಿದ್ದರು.

"ನಿಮ್ ಅಡ್ಗೆಯಿಂದ ನಮ್ಮೋರ್ದು ಸಕ್ಕರೆ ಪೂರ್ತಿ ಇಳ್ದದೆ ಕಣಮ್ಮ" ಎಂದಳು ವನಿತಾ. "ಮಾತ್ರೆ ಬುಟ್ಟು ಆರು ತಿಂಗ್ಳಾಯ್ತು."

ಪುಟ್ಟತಾಯಮ್ಮ ಎದ್ದು ನಿಂತಳು. "ಬುಡಬೇಡಿ" ಎಂದಳು. "ನಮ್ಮನೆಯವರು ಅಂಗೇ ಬುಟ್ಟಿದ್ದು. ನಾನೇ ಸುಮ್ಮನಿದ್ದೆ. ಅದ್ಕೇ ಓದ್ರು. ಇವತ್ತೇ ಓಗಿ ರಕ್ತ ತೋರ್ಸಿ, ನಿಮ್ ಕಾಲಿಗೆ ಬೀಳ್ತೀನಿ."

ಗಂಡ ಹೆಂಡಿರು ಒಬ್ಬರ ಮುಖ ಒಬ್ಬರು ನೋಡಿದರು. ಗೌರೀಶ್ ತುಂಬ ಮರ್ಯಾದೆಯಿಂದ, "ಗಂಡನ್ನ ಕಳ್ಕಂಡಿದ್ದೀರಿ ಕಣಮ್ಮ, ನಿಮ್ಗೆ ಅಂಗನ್ನಿಸದು ಸಹಜ" ಎಂದ. ಅವರು ಹೋದ ಮೇಲೆ ಅವಳು ಸೀದಾ ರೂಪಶ್ರೀಯ ಮನೆಗೆ ಹೋಗಿ ವಿಷಯ ಹೇಳಿದಳು. ರೂಪಶ್ರೀ ಅವಳನ್ನು ಕೂರಿಸಿ ನೀರು ಕೊಟ್ಟಳು. "ಅಲ್ಲಿನ ಆಶಾಗೆ ಫೋನ್ ಮಾಡಿ ಯೋಳ್ತೀನಿ ಅಕ್ಕ. ಆದ್ರೆ ಅವ್ರು ಕೇಳ್ಬೇಕಲ್ಲ" ಎಂದಳು. ನಿಮ್ಮವರೂ ಕೇಳಿರಲಿಲ್ಲವಲ್ಲ ಎಂದು ಅವಳು ಅನ್ನಲಿಲ್ಲ. ನೀವೂ ಹೇಳಿರಲಿಲ್ಲವಲ್ಲ ಎಂದೂ ಅನ್ನಲಿಲ್ಲ.

ವಾರ ಕಳೆಯಿತು. ಪುಟ್ಟತಾಯಮ್ಮನಿಗೆ ತಡೆಯಲಾಗಲಿಲ್ಲ. ಬೆಳಗಿನ ಕೆಲಸ ಮುಗಿಸಿ, ಅತ್ತೆಗೆ ಅನ್ನ ಇಟ್ಟು, ಕೆ.ಆರ್. ನಗರಕ್ಕೆ ಬಂದು ಬಿಳಿಕೆರೆ ಬಸ್ಸು ಹತ್ತಿದಳು. ಟೈರ್ ಅಂಗಡಿ ಸುಲಭವಾಗಿ ಸಿಕ್ಕಿತು. ಗೌರೀಶ್ ಲಾರಿಯ ಚಕ್ರ ಬಿಚ್ಚುತ್ತಿದ್ದ. ಬರಿಗಾಲಿನಲ್ಲಿದ್ದ. ಸುತ್ತ ಕಬ್ಬಿಣದ ಚೂರು, ಮೊಳೆ ಬಿದ್ದಿದ್ದವು.

"ಚಪ್ಪಲಿ ಆಕ್ಕಳಪ್ಪ" ಎಂದಳು ಮೊದಲು. ಆಮೇಲೆ ಎಲ್ಲ ಹೇಳಿದಳು. ಮಾತ್ರೆ ಒಳಗಿಟ್ಟದ್ದು, ರೂಪಶ್ರೀಗೆ ಸುಳ್ಳು ಹೇಳಿದ್ದು, ಯಾಕೆ ಹೇಳಿದೆ ಎನ್ನುವುದು. ಮಗನಿಗೆ ಹೇಳಲಾಗದ್ದನ್ನು ಅಲ್ಲಿ ರಸ್ತೆ ಬದಿಯಲ್ಲಿ, ಲಾರಿ ಡ್ರೈವರ್ ಕೇಳಿಸಿಕೊಳ್ಳುತ್ತಿದ್ದರೂ, ಹೇಳಿದಳು. ನವಣೆ ಒಳ್ಳೆಯದು, ರಾಗಿ ಒಳ್ಳೆಯದು, ಉಣ್ಣಿ. ಆದರೆ ಅದು ಮಾತ್ರೆಯ ಕೆಲಸ ಮಾಡುವುದಿಲ್ಲ ಎಂದಳು. ಗೌರೀಶ್ ಎಲ್ಲವನ್ನೂ ಕೇಳಿದ. ಕೇಳಿ, "ಆಯ್ತು ಕಣಮ್ಮ, ನೋಡವ" ಎಂದ. ಅಳುವ ಮಗುವಿಗೆ ಹೇಳುವ ಧ್ವನಿ ಅದು.

"ಇಷ್ಟು ದೂರ ಬಂದಿದ್ದೀರಿ, ಉಣ್ದೆ ಓಗ್ಬೇಡಿ" ಎಂದು ವನಿತಾ ಒಳಗೆ ಕರೆದುಕೊಂಡು ಹೋದಳು. ಬೇಡ ಎಂದರೂ ಬಿಡಲಿಲ್ಲ. ತಟ್ಟೆಯಲ್ಲಿ ನವಣೆ ಅನ್ನ, ಮೊಳಕೆ ಹುರುಳಿಯ ಬಸ್ಸಾರು, ನುಗ್ಗೆಸೊಪ್ಪಿನ ಪಲ್ಯ. ಕಾಳು ಕಾಳಾಗಿ ಬಿಡಿಸಿಕೊಂಡಿತ್ತು. ಉಪ್ಪು ಹುಳಿ ಎಲ್ಲ ಸರಿಯಾಗಿ ಕೂತಿತ್ತು.

ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ತೇಜಸ್ ಗದ್ದೆಯಿಂದ ಇನ್ನೂ ಬಂದಿರಲಿಲ್ಲ. ಮರಿದೇವಮ್ಮ ಗೋಡೆಗೆ ಒರಗಿ ಕೂತಿದ್ದಳು.

"ಎಲ್ಲಿಗೋಗಿದ್ದೆ?"

"ಬಿಳಿಕೆರೆಗೆ."

"ಯೋಳ್ದ್ಯಾ?"

"ಯೋಳ್ದೆ."

"ಏನಂದ್ರು?"

"ಉಂಡೋಗಿ ಅಂದ್ರು" ಎಂದಳು ಪುಟ್ಟತಾಯಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ರಾತ್ರಿಗೆ ಅಕ್ಕಿ ತೊಳೆಯಲು ಒಳಗೆ ಹೋದಳು.